ದೇಶಾಂತರದ ದಂತಚಿಕಿತ್ಸೆ: ಬೆಲೆಯೂ ಬಾಳಿಕೆಯೂ

ಸಂಸ್ಕೃತದ ಕೋಶಕಾರರು ‘ದ್ವಿಜ’ ಎಂಬ ಒಂದೇ ಶಬ್ದಕ್ಕೆ ಹಕ್ಕಿ, ಬ್ರಾಹ್ಮಣ, ಹಲ್ಲು ಎಂದು ಮೂರು ಅರ್ಥಗಳನ್ನು ಹೇಳುವರು. ಮೂರಕ್ಕೂ ಎರಡೆರಡು ಜನ್ಮಗಳುಂಟೆಂಬುದೇ ಇದಕ್ಕೆ ಕಾರಣ. ಹಲ್ಲಿನ ವಿಷಯದಲ್ಲಿ ಮೊದಲು ಇಪ್ಪತ್ತು ಹಾಲುಹಲ್ಲುಗಳು ಹುಟ್ಟಿ ಉದುರುವುವು. ಅನಂತರ ಮೂವತ್ತೆರಡು ಸ್ಥಿರದಂತಗಳು ಬರುವುವು. ಅಲ್ಲಿಗೆ ಪ್ರಕೃತಿಯ ಔದಾರ್ಯವು ಮುಗಿಯಿತು. ಮೂರನೆಯ ಜನ್ಮವು ಬೇಕಾದರೆ ಅದನ್ನು ದಂತವೈದ್ಯನಿಂದ ಹಣಕೊಟ್ಟು ಪಡೆಯತಕ್ಕದ್ದು. ಈ ಮೂರನೆಯ ಜನ್ಮಕ್ಕಾಗಿ ಜನರು ಈಗ ಗಡಿಯನ್ನು ದಾಟುತ್ತಿರುವರು, ಸಮುದ್ರವನ್ನೂ ದಾಟುತ್ತಿರುವರು.

ಇದು ನಮ್ಮ ಮನೆಗಳಿಗೆ ಸಂಬಂಧಪಡದ ವಿಷಯವೆಂದು ವಾಚಕರು ಭಾವಿಸಬಾರದು. ಮಗನೋ ಮಗಳೋ, ಅಳಿಯನೋ ಸೊಸೆಯೋ ಅಮೆರಿಕಾದಲ್ಲಿ ಅಥವಾ ಇಂಗ್ಲೆಂಡಿನಲ್ಲಿ ಇಲ್ಲದ ಮನೆಯು ನಮ್ಮ ಬಡಾವಣೆಯಲ್ಲಿ ವಿರಳವಾಗಿದೆ. ಅವರು ರಜೆಯಲ್ಲಿ ಊರಿಗೆ ಬಂದರೆ ಮಾಡಿಮುಗಿಸುವ ಕೆಲಸಗಳಲ್ಲಿ ದೇವರ ಹರಕೆ, ನೆಂಟರ ಮದುವೆ, ಬ್ಯಾಂಕಿನ ವ್ಯವಹಾರ ಇವುಗಳ ಬಳಿಕ ನಾಲ್ಕನೆಯದು ಹಲ್ಲು. ಮೂವತ್ತನಾಲ್ಕು ವರ್ಷ ಪಾಠ ಹೇಳಿದುದರ ಫಲವಾಗಿ ನಮ್ಮ ಶಿಷ್ಯರು ಹಲವು ದೇಶಗಳಲ್ಲಿ ಹರಡಿಕೊಂಡಿರುವರು. “ಮೇಷ್ಟ್ರೇ, ಊರಿಗೆ ಬರುತ್ತಿದ್ದೇನೆ; ಹಲ್ಲಿಗೆ ಒಳ್ಳೆಯ ಡಾಕ್ಟರು ಯಾರು? ಎಷ್ಟು ತೆಗೆದುಕೊಳ್ಳುತ್ತಾರೆ?” ಎಂದು ಕೇಳುವವರು ವರ್ಷಕ್ಕೆ ನಾಲ್ವರಾದರೂ ಉಂಟು. ನಾವು ವೈದ್ಯರಲ್ಲ. ಆದರೆ ಕೇಳಿದವರಿಗೆ ಏನಾದರೊಂದು ಉತ್ತರವನ್ನು ಹೇಳಬೇಕಾದುದರಿಂದ, ಬಲ್ಲವರನ್ನು ವಿಚಾರಿಸಿ, ತಕ್ಕಮಟ್ಟಿಗೆ ಓದಿ, ಹಲವರ ಅನುಭವವನ್ನು ಹತ್ತಿರದಿಂದ ನೋಡಿ ತಿಳಿದುಕೊಂಡುದನ್ನು ಇಲ್ಲಿ ಬರೆಯುತ್ತೇವೆ.

ಮೊದಲು ಬೆಲೆಯ ಮಾತನ್ನೇ ಎತ್ತಿಕೊಳ್ಳೋಣ. ಹಲ್ಲು ಬಿದ್ದುಹೋದ ಎಡೆಯಲ್ಲಿ ದವಡೆಯ ಮೂಳೆಯೊಳಕ್ಕೆ ಟೈಟೇನಿಯಂ ಲೋಹದ ತಿರುಪೊಂದನ್ನು ಇಳಿಸಿ, ಅದರ ಮೇಲೆ ಕೃತಕದಂತವನ್ನು ನಿಲ್ಲಿಸುವ ಕ್ರಮಕ್ಕೆ ಇಂಪ್ಲಾಂಟ್ ಎಂದು ಹೆಸರು. ಅಮೆರಿಕಾದಲ್ಲಿ ಹೀಗೆ ಒಂದು ಹಲ್ಲನ್ನು ಕಟ್ಟಿಸಲು 3,000ದಿಂದ 6,000 ಡಾಲರು ಬೀಳುವುದು ಸಾಮಾನ್ಯ. ಬೆಂಗಳೂರು, ಮೈಸೂರುಗಳಲ್ಲಿ ಅದೇ ಕೆಲಸಕ್ಕೆ 30,000ದಿಂದ 60,000 ರೂಪಾಯಿ. ದವಡೆಹಲ್ಲಿನ ಬೇರಿನ ನಾಳಗಳನ್ನು ಶೋಧಿಸಿ ತುಂಬುವ ರೂಟ್ ಕೆನಾಲ್ ಚಿಕಿತ್ಸೆಗೆ ಅಲ್ಲಿ 1,000 ಡಾಲರಿನ ಮೇಲೆಯೇ. ಇಲ್ಲಿ 4,000ದಿಂದ 10,000 ರೂಪಾಯಿ. ಡಾಲರಿಗೆ 85ರಿಂದ 90 ರೂಪಾಯಿ ಎಂದು ಹಿಡಿದರೆ ಎಂಟು ಪಾಲು, ಹತ್ತು ಪಾಲಿನ ಅಂತರವು ಕಾಣುವುದು. ಅಲ್ಲಿ ವಿಮೆಯಿಲ್ಲವೇ ಎಂದರೆ, ಉಂಟು. ಆದರೆ ಆ ದಂತವಿಮೆಯು ವರ್ಷಕ್ಕೆ 1,000ದಿಂದ 2,000 ಡಾಲರು ಕೊಟ್ಟು ಕೈಮುಚ್ಚಿಕೊಳ್ಳುವುದೇ ವಾಡಿಕೆ. ವೃದ್ಧರಿಗಾಗಿ 1965ರಲ್ಲಿ ಅಲ್ಲಿನ ಸರಕಾರವು ಏರ್ಪಡಿಸಿದ ಮೆಡಿಕೇರ್ ಎಂಬ ವಿಮೆಯು ಹೃದಯಕ್ಕೂ ಮೊಣಕಾಲಿಗೂ ಹಣ ಕೊಡುವುದು. ಹಲ್ಲಿನ ಸಾಧಾರಣ ಚಿಕಿತ್ಸೆಯನ್ನು ಮಾತ್ರ ಮೊದಲಿನಿಂದಲೂ ಹೊರಗಿಟ್ಟಿದೆ. ಹಲ್ಲು ಶರೀರಕ್ಕೆ ಸೇರಿದುದಲ್ಲವೆಂದು ಆ ಕಾಯಿದೆ ಬರೆದವರಿಗೆ ಯಾರು ಹೇಳಿಕೊಟ್ಟರೋ!

ಈ ಅಂತರವು ಎಲ್ಲಿಂದ ಬಂತು? ಲೋಹದಿಂದ ಬಂದುದಲ್ಲ. ಸ್ವಿಟ್ಜರ್ಲೆಂಡಿನ ತಿರುಪು, ಕೊರಿಯಾದ ತಿರುಪು ಅಮೆರಿಕಾಕ್ಕೆ ಹೋಗುವಂತೆಯೇ ಬೆಂಗಳೂರಿಗೂ ಬರುತ್ತವೆ. ಹಲ್ಲಿನ ಮೇಲೆ ತೊಡಿಸುವ ಕ್ಯಾಪನ್ನೇ ನೋಡಿ: ಅಮೆರಿಕಾದವರ ಬಾಯಲ್ಲಿರುವ ಕ್ಯಾಪುಗಳೆಷ್ಟೋ ಚೀನಾ ದೇಶದ ಕಾರ್ಖಾನೆಗಳಲ್ಲಿ ತಯಾರಾಗಿ ಅಲ್ಲಿಗೆ ಹೋದುವು. ರೋಗಿಯು ಗಡಿ ದಾಟದಿದ್ದರೂ ಅವನ ಹಲ್ಲು ಗಡಿ ದಾಟಿಯೇ ಬರುತ್ತದೆ. ನಿಜವಾದ ಅಂತರವಿರುವುದು ಕಟ್ಟಡದ ಬಾಡಿಗೆಯಲ್ಲಿ, ಸಹಾಯಕರ ಸಂಬಳದಲ್ಲಿ, ಮೊಕದ್ದಮೆಯ ಭಯಕ್ಕೆ ವೈದ್ಯನು ಕಟ್ಟುವ ವಿಮೆಯಲ್ಲಿ ಮತ್ತು ಅವನ ವಿದ್ಯಾಭ್ಯಾಸದ ಸಾಲದಲ್ಲಿ. ಅಮೆರಿಕಾದಲ್ಲಿ ದಂತವೈದ್ಯವನ್ನು ಓದಿ ಹೊರಬರುವ ತರುಣನ ತಲೆಯ ಮೇಲೆ ಸರಾಸರಿ ಸುಮಾರು ಮೂರು ಲಕ್ಷ ಡಾಲರಿನ ಸಾಲವಿರುತ್ತದೆ. ಅದನ್ನು ತೀರಿಸುವವರು ಅವನ ಕುರ್ಚಿಯಲ್ಲಿ ಬಾಯಿ ತೆರೆದು ಕೂರುವವರೇ ಸರಿ. ನಮ್ಮಲ್ಲಿ ಬೆಂಗಳೂರಿನ ಸರಕಾರಿ ದಂತವೈದ್ಯ ಕಾಲೇಜು 1958ರಲ್ಲಿಯೂ ಮಣಿಪಾಲದ ಕಾಲೇಜು 1965ರಲ್ಲಿಯೂ ಆರಂಭವಾದುವು; ಈಗ ಕರ್ನಾಟಕವೊಂದರಲ್ಲಿಯೇ ನಲವತ್ತಕ್ಕೆ ಮೀರಿದ ಕಾಲೇಜುಗಳಿವೆ. ವೈದ್ಯರು ಬೀದಿಗೆ ಇಬ್ಬರಂತೆ ಇರುವಾಗ ಬೆಲೆಯು ಏರುವುದು ಕಷ್ಟ.

ಆದುದರಿಂದ ಒಂದು ದೇಶದ ಬೆಲೆಯನ್ನು ಮತ್ತೊಂದು ದೇಶದ ಬೆಲೆಯೊಡನೆ ಹೋಲಿಸಿ ‘ಅಗ್ಗದ್ದು ಕಳಪೆ’ ಎನ್ನುವುದು ಯುಕ್ತವಲ್ಲ. ಬೆಲೆಯು ಆಯಾ ಊರಿನ ಬಾಡಿಗೆಯನ್ನು ಹೇಳುವುದೇ ಹೊರತು ಕೈಯ ಗುಣವನ್ನು ಹೇಳುವುದಿಲ್ಲ. ಆದರೆ ಒಂದೇ ಊರಿನಲ್ಲಿ, ಒಂದೇ ಬೀದಿಯಲ್ಲಿ, ಉಳಿದವರಿಗಿಂತ ಅರ್ಧ ಬೆಲೆಯನ್ನು ಒಬ್ಬನು ಹೇಳಿದರೆ ಆಗ ಎಚ್ಚರವಿರಬೇಕು. ಬಾಡಿಗೆಯೂ ಸಂಬಳವೂ ಇವನಿಗೆ ಅವರಷ್ಟೇ ಆಗಿರುವಾಗ ಇವನು ಯಾವುದರಲ್ಲಿ ಕಡಿತ ಮಾಡಿದನು? ತಿರುಪಿನಲ್ಲಿಯೋ, ಉಪಕರಣಗಳನ್ನು ಶುದ್ಧಿಮಾಡುವುದರಲ್ಲಿಯೋ, ಒಬ್ಬ ರೋಗಿಗೆ ಕೊಡಬೇಕಾದ ಹೊತ್ತಿನಲ್ಲಿಯೋ?

ಹಲ್ಲಿನ ಕೆಲಸದಲ್ಲಿ ಗುಣವೆಂಬುದು ಕಣ್ಣಿಗೆ ಕಾಣದ ಎಡೆಯಲ್ಲಿರುವುದು ದೊಡ್ಡ ತೊಡಕು. ಮನೆ ಕಟ್ಟಿಸುವವನು ಗಾರೆಯನ್ನು ತಟ್ಟಿನೋಡಬಹುದು. ತಳಪಾಯವು ಮುಚ್ಚಿಹೋದ ಮೇಲೆ ಅದನ್ನು ನೋಡುವುದೆಂತು? ರೂಟ್ ಕೆನಾಲ್ ಮಾಡಿದ ಹಲ್ಲಿನ ನಾಳವು ಬೇರಿನ ತುದಿಯವರೆಗೂ ತುಂಬಿದೆಯೋ ಅರ್ಧಕ್ಕೇ ನಿಂತಿದೆಯೋ ಎಂಬುದನ್ನು ಕೊನೆಯಲ್ಲಿ ತೆಗೆದ ಎಕ್ಸ್-ರೇ ಚಿತ್ರವೊಂದೇ ಹೇಳಬಲ್ಲುದು. ಕ್ಯಾಪಿನ ಅಂಚು ಹಲ್ಲಿಗೆ ಕೂದಲೆಳೆಯ ಸಂದಿಲ್ಲದಂತೆ ಕೂತಿದೆಯೋ ಇಲ್ಲವೋ ಎಂಬುದು ಒಸಡಿನ ಅಡಿಯಲ್ಲಿ ಅಡಗಿರುತ್ತದೆ. ಸಂದಿದ್ದರೆ ಅಲ್ಲಿ ಹುಳುಕು ಸೇರಿ, ಮೂರು ನಾಲ್ಕು ವರ್ಷಗಳ ಮೇಲೆ ತನ್ನ ಸಮಾಚಾರವನ್ನು ತಿಳಿಸುವುದು. ಕೆಲಸ ಮುಗಿದ ದಿನ ಕನ್ನಡಿಯಲ್ಲಿ ಒಳ್ಳೆಯದೂ ಕೆಟ್ಟದೂ ಒಂದೇ ಬಗೆಯಾಗಿ ಹೊಳೆಯುವುವು.

ಹಾಗಾದರೆ ಸಾಮಾನ್ಯನು ನೋಡಿ ತಿಳಿಯುವಂಥದು ಏನೂ ಇಲ್ಲವೇ? ಇಲ್ಲದೇ ಏನು. ಸುಶ್ರುತಸಂಹಿತೆಯು ಅರವತ್ತೈದು ಮುಖರೋಗಗಳನ್ನು ಎಣಿಸುವಾಗ ಹಲ್ಲಿಗೆ ಎಂಟನ್ನೂ ಹಲ್ಲಿನ ಬುಡಕ್ಕೆ ಹದಿನೈದನ್ನೂ ಹೇಳಿದೆ. ಈಗಿನ ಒಳ್ಳೆಯ ವೈದ್ಯರೂ ಹಾಗೆಯೇ. ಹಲ್ಲಿಗಿಂತ ಮೊದಲು ಒಸಡನ್ನು ಪರೀಕ್ಷಿಸುವರು, ಸಣ್ಣ ಅಳತೆಕಡ್ಡಿಯಿಂದ ಅದರ ಸುತ್ತಲೂ ಒತ್ತಿ ನೋಡುವರು. ಒಸಡನ್ನು ನೋಡದೆಯೇ ಬೆಲೆ ಹೇಳುವವನು ತಳಪಾಯವನ್ನು ನೋಡದೆ ಮಹಡಿಗೆ ಅಂದಾಜು ಬರೆದಂತೆ. ರೂಟ್ ಕೆನಾಲ್ ಮಾಡುವಾಗ ಎಂಜಲು ಒಳಸೇರದಂತೆ ಹಲ್ಲಿನ ಸುತ್ತ ರಬ್ಬರಿನ ತೆಳುಹಾಳೆಯನ್ನು ಬಿಗಿಯುವ ಕ್ರಮವುಂಟು. ಅದನ್ನು ಬಿಗಿಯುವವನು ಕೆಲಸವನ್ನು ಲಘುವಾಗಿ ತಿಳಿದವನಲ್ಲವೆಂದು ನಂಬಬಹುದು. ಇನ್ನು ಉಪಕರಣಗಳ ಶುದ್ಧಿ. ಆಟೋಕ್ಲೇವ್ ಎಂಬುದು ನಮ್ಮ ಅಡಿಗೆಮನೆಯ ಕುಕ್ಕರಿನ ಅಣ್ಣನೇ ಸರಿ: ಒತ್ತಡದ ಆವಿಯಲ್ಲಿ 121 ಡಿಗ್ರಿಯಲ್ಲಿ ಹದಿನೈದು ನಿಮಿಷ, ಇಲ್ಲವೆ 134 ಡಿಗ್ರಿಯಲ್ಲಿ ಮೂರು ನಿಮಿಷ ಇಟ್ಟರೆ ಕ್ರಿಮಿಗಳು ನಾಶವಾಗುವುವು. ಹೀಗೆ ಶುದ್ಧಿಯಾದ ಉಪಕರಣಗಳು ಮುಚ್ಚಿದ ಪೊಟ್ಟಣದಲ್ಲಿರುವುವು. ಪೊಟ್ಟಣದ ಮೇಲಿನ ಗುರುತು ಬಿಸಿಗೆ ಬಣ್ಣ ಬದಲಾಯಿಸಿರುವುದು. ಅದನ್ನು ನಮ್ಮ ಮುಂದೆಯೇ ಬಿಚ್ಚಿರೆಂದು ಕೇಳುವುದರಲ್ಲಿ ಅವಿನಯವೇನೂ ಇಲ್ಲ. ಕೇಳಿದುದಕ್ಕೆ ಮುಖ ಗಂಟಿಕ್ಕುವ ವೈದ್ಯನ ಕುರ್ಚಿಯಿಂದ ಎದ್ದು ಬರುವುದರಲ್ಲಿಯೂ ಇಲ್ಲ.

ಬೆಲೆ, ಗುಣ ಇವೆರಡನ್ನು ತೂಗುವಾಗ ತಕ್ಕಡಿಯಲ್ಲಿ ಇಡಲು ಜನರು ಮರೆಯುವ ಮೂರನೆಯ ವಸ್ತುವೊಂದುಂಟು. ಅದು ಕಾಲ. ಇಂಪ್ಲಾಂಟಿನ ಚರಿತ್ರೆಯೇ ಇದಕ್ಕೆ ಸಾಕ್ಷಿ. ಸ್ವೀಡನ್ ದೇಶದ ಬ್ರೋನೆಮಾರ್ಕ್ ಎಂಬ ಶಾಸ್ತ್ರಜ್ಞರು 1952ರ ಸುಮಾರಿನಲ್ಲಿ ಮೊಲದ ಕಾಲಿನ ಮೂಳೆಯಲ್ಲಿ ರಕ್ತಸಂಚಾರವನ್ನು ನೋಡಲೆಂದು ಟೈಟೇನಿಯಂ ಲೋಹದ ಸಣ್ಣ ಕೊಳವೆಯನ್ನು ಇಳಿಸಿದ್ದರು. ಪ್ರಯೋಗ ಮುಗಿದ ಮೇಲೆ ಅದನ್ನು ಕೀಳಹೋದರೆ ಬರಲೊಲ್ಲದು. ಮೂಳೆಯು ಲೋಹವನ್ನು ತನ್ನದೆಂದೇ ತಿಳಿದು ಅಪ್ಪಿಕೊಂಡುಬಿಟ್ಟಿತ್ತು. ಆ ಅಪ್ಪುಗೆಯನ್ನೇ ಅವರು ಹಲ್ಲಿಗೆ ಬಳಸಿದರು. 1965ರಲ್ಲಿ ಗೋಸ್ಟಾ ಲಾರ್ಸನ್ ಎಂಬವನು ಮೊದಲನೆಯ ರೋಗಿಯಾದನು. ಅವನು 2006ರಲ್ಲಿ ತೀರಿಕೊಳ್ಳುವವರೆಗೆ, ನಲವತ್ತು ವರ್ಷಗಳಿಗೂ ಹೆಚ್ಚು ಕಾಲ, ಆ ತಿರುಪುಗಳು ಅವನ ದವಡೆಯಲ್ಲಿ ನಿಂತಿದ್ದುವು. ಇಷ್ಟು ಬಾಳಿಕೆಯು ಬಂದುದು ಲೋಹದ ಮಹಿಮೆಯಿಂದ ಮಾತ್ರವಲ್ಲ, ಕಾದುದರಿಂದ. ಮೂಳೆಯು ತಿರುಪನ್ನು ಹಿಡಿದುಕೊಳ್ಳಲು ಕೆಳದವಡೆಯಲ್ಲಿ ಮೂರು ತಿಂಗಳು, ಮೃದುವಾದ ಮೇಲ್ದವಡೆಯಲ್ಲಿ ಆರು ತಿಂಗಳವರೆಗೂ ಬಿಡುವುದು ಮೊದಲಿನ ಪದ್ಧತಿ. ಈಗ ತಿರುಪಿನ ಮೇಲ್ಮೈಯನ್ನು ಸುಧಾರಿಸಿ ಅವಧಿಯನ್ನು ಕುಗ್ಗಿಸಿದ್ದಾರೆ. ಕೆಲವು ರೋಗಿಗಳಲ್ಲಿ ತಾತ್ಕಾಲಿಕ ಹಲ್ಲನ್ನು ಅಂದೇ ಕೂರಿಸುವುದೂ ಉಂಟು. ಆದರೂ ಮೂಳೆಯು ತನ್ನ ವೇಗದಲ್ಲಿಯೇ ಬೆಳೆಯುವುದು. ವಿಮಾನದ ಟಿಕೀಟಿನ ತಾರೀಖು ಅದಕ್ಕೆ ತಿಳಿಯದು.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು, ದಂತಚಿಕಿತ್ಸೆಗಾಗಿಯೇ ಪ್ರಸಿದ್ಧವಾದ ಎರಡು ಊರುಗಳನ್ನು ನೋಡೋಣ. ಮೆಕ್ಸಿಕೋ ದೇಶದ ಲೋಸ್ ಅಲ್ಗೊದೋನೆಸ್ ಎಂಬುದು ಅಮೆರಿಕಾದ ಗಡಿಗೆ ಅಂಟಿಕೊಂಡಿರುವ ಕೆಲವೇ ಸಾವಿರ ಜನರ ಹಳ್ಳಿ. ಅಷ್ಟು ಸಣ್ಣ ಊರಿನಲ್ಲಿ ನೂರಾರು ದಂತವೈದ್ಯರಿದ್ದಾರೆ. ಅಮೆರಿಕಾದವರು ಅದನ್ನು ‘ದವಡೆಹಲ್ಲಿನ ಪಟ್ಟಣ’ ಎಂದೇ ಕರೆಯುವರು. ಚಳಿಗಾಲವನ್ನು ಕಳೆಯಲು ಅರಿಜೋನಾದ ಯೂಮಾ ಪ್ರಾಂತಕ್ಕೆ ಬರುವ ವೃದ್ಧ ದಂಪತಿಗಳು ಗಡಿಯ ಈಚೆಗೆ ಮೋಟಾರನ್ನು ನಿಲ್ಲಿಸಿ, ಕಾಲ್ನಡಿಗೆಯಲ್ಲಿ ಆಚೆಗೆ ಹೋಗಿ, ಹಲ್ಲು ಕಟ್ಟಿಸಿಕೊಂಡು ಸಂಜೆಗೆ ಹಿಂದಿರುಗುವರು. ಇನ್ನೊಂದು, ಹಂಗೆರಿ ದೇಶದ ಮೊಶೋನ್‌ಮಾದ್ಯರೋವಾರ್. ಈ ಹೆಸರನ್ನು ಉಚ್ಚರಿಸುವುದಕ್ಕೇ ಗಟ್ಟಿ ಹಲ್ಲು ಬೇಕು. ಅದು ಆಸ್ಟ್ರಿಯಾದ ವಿಯೆನ್ನಾ ನಗರಕ್ಕೆ ಮೋಟಾರಿನಲ್ಲಿ ಒಂದು ಗಂಟೆಯ ದಾರಿ. 1989ರಲ್ಲಿ ಗಡಿಯ ಮುಳ್ಳುತಂತಿಯು ಹೋದ ಮೇಲೆ ಆಸ್ಟ್ರಿಯಾದವರು ಹಲ್ಲಿಗಾಗಿ ಅಲ್ಲಿಗೆ ಹೋಗತೊಡಗಿದರು. 2007ರ ಕೊನೆಯಲ್ಲಿ ಗಡಿಯ ತಪಾಸಣೆಯೂ ನಿಂತಿತು. ಅಲ್ಲಿನ ವೈದ್ಯರು ಜರ್ಮನ್ ಭಾಷೆಯಲ್ಲಿಯೇ ವ್ಯವಹರಿಸುವರು.

ಈ ಎರಡೂ ಊರುಗಳು ಇಷ್ಟು ಕಾಲ ಬಾಳಿದುದೇಕೆ? ಅಗ್ಗವೆಂಬುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣವು ಸಾಮೀಪ್ಯವೆಂದು ನಮಗೆ ತೋರುತ್ತದೆ. ಕ್ಯಾಪು ಅಲುಗಿದರೆ ಯೂಮಾದ ಮುದುಕನು ನಾಳೆಯೇ ಮತ್ತೆ ನಡೆದುಹೋಗಬಹುದು. ಮೂರು ತಿಂಗಳು ಕಾಯಿರಿ ಎಂದರೆ ವಿಯೆನ್ನಾದ ಗೃಹಿಣಿಯು ಮೂರು ತಿಂಗಳು ಕಾದು ಮತ್ತೆ ಹೋಗಬಹುದು. ಅಲ್ಲದೆ, ನಿನ್ನೆಯ ರೋಗಿಯು ನಾಳೆ ಬಾಗಿಲಿಗೆ ಬಂದು ನಿಲ್ಲುವನೆಂದು ಬಲ್ಲ ವೈದ್ಯನ ಕೈಯೂ ಕೊಂಚ ಜಾಗ್ರತೆಯಿಂದ ನಡೆಯುವುದು. ಮಾಡಿದ ಕೈಯ ಬಳಿಗೆ ಮರಳಿ ಹೋಗುವುದು ಎಷ್ಟು ಸುಲಭವೋ ಅಷ್ಟರಮಟ್ಟಿಗೆ ಅಗ್ಗವು ಅಗ್ಗವಾಗಿರುವುದು.

ಸಾವಿರಾರು ಮೈಲಿ ಹಾರಿಬರುವ ನಮ್ಮವರಿಗೆ ಈ ಅಳತೆಯು ಹೇಗೆ ಅನ್ವಯಿಸುವುದೆಂಬುದಕ್ಕೆ ಒಂದು ನಿದರ್ಶನವನ್ನು ಹೇಳುತ್ತೇವೆ. 2023ರ ದಸರೆಗೆ ನಮ್ಮ ಹಳೆಯ ಶಿಷ್ಯನೊಬ್ಬನು ನ್ಯೂಜೆರ್ಸಿಯಿಂದ ಮೈಸೂರಿಗೆ ಬಂದಿದ್ದನು. ವಯಸ್ಸು ನಲವತ್ತೈದರ ಸುಮಾರು; ರಜೆಯು ಹತ್ತೊಂಬತ್ತು ದಿನ. ಎಡಗಡೆಯ ಕೆಳದವಡೆಯಲ್ಲಿ ಒಂದು ಹಲ್ಲು ಹಿಂದೆಯೇ ಕಿತ್ತುಹಾಕಿದ್ದು ಖಾಲಿಯಾಗಿತ್ತು; ಬಲಗಡೆಯದೊಂದು ರಾತ್ರಿಯಲ್ಲಿ ನೋಯುತ್ತಿತ್ತು; ಮುಂದಿನ ಆರು ಹಲ್ಲುಗಳು ಕೊಂಚ ಓರೆಯಾಗಿ ಹಳದಿಗಟ್ಟಿದುವೆಂಬುದು ಅವನ ಕೊರಗು. ಎಲ್ಲಕ್ಕೂ ಸೇರಿ ಅಲ್ಲಿ 15,000 ಡಾಲರು ಕೇಳಿದ್ದರಂತೆ. ಬೆಂಗಳೂರಿನ ಒಂದು ಚಿಕಿತ್ಸಾಲಯದವರು ಫೋನಿನಲ್ಲಿ ಚಿತ್ರಗಳನ್ನು ನೋಡಿಯೇ, “ಹತ್ತು ದಿನದಲ್ಲಿ ಎಲ್ಲವನ್ನೂ ಮುಗಿಸಿಕೊಡುತ್ತೇವೆ, ಎರಡೂವರೆ ಲಕ್ಷ ರೂಪಾಯಿ” ಎಂದು ಬರೆದಿದ್ದರು. ಅವನ ತಾಯಿಗೆ ಇದು ಬಹಳ ಹಿಡಿಸಿತ್ತು. “ಹೇಗೂ ಬಂದಿದ್ದೀಯಲ್ಲಪ್ಪ, ಎಲ್ಲಾ ಒಟ್ಟಿಗೇ ಮುಗಿಸಿಕೊಂಡು ಹೋಗಬಾರದೆ?” ಎಂದು ಆಕೆ ಎರಡು ಸಲ ನಮ್ಮೆದುರಿಗೇ ಹೇಳಿದರು.

ಮೊದಲು ಇಲ್ಲಿಯೇ ಒಬ್ಬರಿಗೆ ತೋರಿಸೆಂದು ನಾವು ಅವನನ್ನು ನಮಗೆ ಪರಿಚಿತರಾದ ದಂತವೈದ್ಯೆಯೊಬ್ಬರ ಬಳಿಗೆ ಕರೆದುಕೊಂಡು ಹೋದೆವು. ಆಕೆ ಇಪ್ಪತ್ತು ನಿಮಿಷ ಒಸಡನ್ನೇ ನೋಡಿದರು. ಎರಡು ಎಕ್ಸ್-ರೇ ತೆಗೆದರು. ಆಮೇಲೆ, “ಮುಂದಿನ ಹಲ್ಲುಗಳಿಗೆ ರೋಗವೇನೂ ಇಲ್ಲ. ಕ್ಲೀನ್ ಮಾಡಿಕೊಡುತ್ತೇನೆ, ಕ್ಯಾಪಿಗಾಗಿ ಅವನ್ನು ಉಜ್ಜುವುದಿಲ್ಲ,” ಎಂದರು.

“ಅಲ್ಲಿ ಸಭೆಗಳಲ್ಲಿ ಮಾತನಾಡಬೇಕಾಗುತ್ತದೆ ಡಾಕ್ಟ್ರೇ,” ಎಂದು ಶಿಷ್ಯನು ರಾಗವೆಳೆದನು.

“ಉಜ್ಜಿದ ಹಲ್ಲು ಮತ್ತೆ ಬೆಳೆಯುವುದಿಲ್ಲವಲ್ಲ. ಓರೆ ಸರಿಮಾಡಬೇಕಾದರೆ ಕ್ಲಿಪ್ಪು ಹಾಕಿಸಿ. ಅದನ್ನು ಅಲ್ಲಿಯೇ ಹಾಕಿಸಬೇಕು, ತಿಂಗಳು ತಿಂಗಳೂ ತೋರಿಸಬೇಕಾಗುತ್ತದೆ. ನೋಯುವ ಹಲ್ಲಿಗೆ ಈಗಲೇ ರೂಟ್ ಕೆನಾಲ್ ಮಾಡಿ, ಒಂದು ವಾರ ನೋಡಿ, ನೀವು ಹೊರಡುವುದರೊಳಗೆ ಕ್ಯಾಪು ಹಾಕುತ್ತೇನೆ. ಖಾಲಿ ಎಡೆಗೆ ಈ ಸಲ ತಿರುಪು ಮಾತ್ರ. ಮೇಲಿನ ಹಲ್ಲು ಮುಂದಿನ ಸಲ. ಮುಂದಿನ ವರ್ಷ ಬರುತ್ತೀರಾ?”

“ಅಮ್ಮ ಇರುವವರೆಗೆ ವರ್ಷಕ್ಕೊಂದು ಸಲ ಬರಲೇಬೇಕು.”

“ಹಾಗಾದರೆ ಮಾಡಬಹುದು. ಬರುವುದಿಲ್ಲ ಎಂದಿದ್ದರೆ ತಿರುಪನ್ನೂ ಹಾಕುತ್ತಿರಲಿಲ್ಲ.”

ಆ ವರ್ಷ 44,000 ರೂಪಾಯಿ, 2024ರಲ್ಲಿ ಬಂದಾಗ ಮೇಲಿನ ಹಲ್ಲಿಗೆ 14,000 ರೂಪಾಯಿ, ಒಟ್ಟು 58,000 ಆಯಿತು. ಮುಂದಿನ ಹಲ್ಲುಗಳು ಈಗಲೂ ಕೊಂಚ ಓರೆಯಾಗಿಯೇ ಇವೆ, ಹಳದಿಯು ಹೋಗಿದೆ. ತಾಯಿಗೆ ಮಾತ್ರ, ಮಗನು ಎರಡು ಸಲ ಡಾಕ್ಟರ ಬಳಿಗೆ ಅಲೆದನೆಂಬ ಅಸಮಾಧಾನ ಇನ್ನೂ ಇದೆ.

ಇದಕ್ಕೆ ವಿರುದ್ಧವಾದ ನಿದರ್ಶನವನ್ನೂ ನೋಡಿದ್ದೇವೆ. ನಮ್ಮ ಸ್ನೇಹಿತರೊಬ್ಬರ ಅಳಿಯನು ಎರಡು ವಾರದ ರಜೆಯಲ್ಲಿ ಬಂದು, ಬೇರೊಂದು ಎಡೆಯಲ್ಲಿ, ಮೇಲಿನ ಸಾಲಿನ ಹತ್ತು ಹಲ್ಲುಗಳಿಗೆ ಒಟ್ಟಿಗೇ ಕ್ಯಾಪು ತೊಡಿಸಿಕೊಂಡು ಹೋದನು. ವಿಮಾನನಿಲ್ದಾಣದಲ್ಲಿ ತೆಗೆದ ಚಿತ್ರದಲ್ಲಿ ನಗುವು ಮುತ್ತಿನ ಸಾಲಿನಂತೆಯೇ ಇದ್ದಿತು. ಏಳು ತಿಂಗಳ ಮೇಲೆ ಎರಡು ಹಲ್ಲುಗಳ ಬುಡದಲ್ಲಿ ಕೀವು ಕಟ್ಟಿತು. ಪೂರ್ತಿ ಕ್ಯಾಪಿಗಾಗಿ ಹಲ್ಲನ್ನು ಉಜ್ಜುವಾಗ ಹಲ್ಲಿನ ಮೇಲ್ಭಾಗದಲ್ಲಿ ಅರ್ಧಕ್ಕೂ ಮೀರಿ ಸವೆದುಹೋಗುವುದು. ಒಳಗಿನ ನರವು ಕೆಲವು ಹಲ್ಲುಗಳಲ್ಲಿ ಆ ಆಘಾತವನ್ನು ತಡೆಯದೆ ತಿಂಗಳುಗಳ ಅಥವಾ ವರ್ಷಗಳ ಮೇಲೆ ಸಾಯುವುದು. ಇದು ನಿಪುಣರ ಕೈಯಲ್ಲಿಯೂ ಆಗಬಹುದಾದುದು; ಆಗ ರೋಗಿಯು ಎಲ್ಲಿರುವನೆಂಬುದೇ ಪ್ರಶ್ನೆ. ಅವನಿದ್ದುದು ಇಂಗ್ಲೆಂಡಿನಲ್ಲಿ. ಅಲ್ಲಿನ ವೈದ್ಯರು, ಪರರು ಮಾಡಿದ ಕೆಲಸಕ್ಕೆ ನಾವು ಜವಾಬ್ದಾರರಲ್ಲ, ನಾವು ಕೈಹಾಕುವುದಾದರೆ ಕ್ಯಾಪುಗಳನ್ನು ಒಡೆದು ಮೊದಲಿನಿಂದ ಮಾಡಬೇಕಾದೀತು ಎಂದರು. ಇಲ್ಲಿ ಉಳಿಸಿದ ಹಣವು ಅಲ್ಲಿ ಎರಡು ಹಲ್ಲುಗಳಿಗೇ ಸರಿಹೋಯಿತು.

ಇಂತಹ ಕಥೆಗಳಿಂದಾಗಿ ಬ್ರಿಟನ್ನಿನಲ್ಲಿ ‘ಟರ್ಕಿ ಹಲ್ಲು’ ಎಂಬ ಮಾತೇ ಹುಟ್ಟಿದೆ. ಅಲ್ಲಿನ ತರುಣತರುಣಿಯರು ಟರ್ಕಿ ದೇಶಕ್ಕೆ ಒಂದು ವಾರ ಹೋಗಿ, ಹೋಟೆಲು, ವಾಹನ, ಸ್ಥಳದರ್ಶನ ಎಲ್ಲವೂ ಸೇರಿದ ಒಂದೇ ಬೆಲೆಗೆ, ಗಟ್ಟಿಯಾಗಿದ್ದ ಹಲ್ಲುಗಳನ್ನೇ ಗೂಟದಂತೆ ಸವೆಸಿ ಬಿಳಿಯ ಕ್ಯಾಪು ತೊಟ್ಟು ಬರುವರು. ಪರದೇಶದಲ್ಲಿ ಮಾಡಿಸಿಕೊಂಡ ಕೆಲಸವು ಕೆಟ್ಟು ತಮ್ಮ ಬಳಿಗೆ ಬಂದವರನ್ನು ನೋಡಿದ್ದೇವೆಂದು ಬ್ರಿಟಿಷ್ ದಂತವೈದ್ಯರಲ್ಲಿ ಬಹುಮಂದಿ ತಮ್ಮ ಸಂಘಕ್ಕೆ ತಿಳಿಸಿರುವರು. ಈ ಸಾಕ್ಷ್ಯವನ್ನು ಒಂದು ಚಿಟಿಕೆ ವಿವೇಚನೆಯಿಂದಲೇ ಸ್ವೀಕರಿಸಬೇಕು. ಹಲ್ಲು ಸುಖವಾಗಿರುವವನು ವೈದ್ಯನ ಬಾಗಿಲಿಗೆ ಹೋಗಿ ವರದಿ ಒಪ್ಪಿಸುವುದಿಲ್ಲ, ಗಿರಾಕಿಯನ್ನು ಕಳೆದುಕೊಂಡವರ ಮಾತಿನಲ್ಲಿ ಅಷ್ಟಿಷ್ಟು ಹುಳಿಯೂ ಇರಬಹುದು. ಟರ್ಕಿಯಲ್ಲಿ ನಿಪುಣರಾದ ವೈದ್ಯರಿಲ್ಲವೆಂದು ಯಾರೂ ಹೇಳಲಾರರು. ಆದರೆ ಯಾವ ದೇಶದಲ್ಲಿಯೇ ಆಗಲಿ, ರೋಗಿಯ ರಜೆಯ ಅಳತೆಗೆ ಚಿಕಿತ್ಸೆಯನ್ನು ಕತ್ತರಿಸುವ ಕಡೆಯಲ್ಲಿ ಹಲ್ಲಿಗೆ ಕೇಡು ತಪ್ಪಿದ್ದಲ್ಲ. ಊರಿನಲ್ಲೇ ಇರುವ ರೋಗಿಗೆ ಮೊದಲು ಒಂದು ಹಲ್ಲು ಮಾಡಿ ನೋಡೋಣವೆನ್ನುವ ವೈದ್ಯನೇ, ಹದಿನಾಲ್ಕು ದಿನದವನಿಗೆ ಹತ್ತನ್ನೂ ಒಟ್ಟಿಗೆ ಮಾಡಿಬಿಡುವನು.

ಗೃಹಸ್ಥರು ಲೆಕ್ಕವಿಲ್ಲದ ಮಾತನ್ನು ನಂಬಬಾರದಾದುದರಿಂದ ಒಂದು ಲೆಕ್ಕವನ್ನು ಮಾಡಿ ತೋರಿಸುತ್ತೇವೆ. ಒಂದು ಇಂಪ್ಲಾಂಟಿಗೆ ಅಲ್ಲಿ 5,000 ಡಾಲರು, ಇಲ್ಲಿ 600 ಡಾಲರಿನಷ್ಟು ರೂಪಾಯಿ ಎಂದಿಟ್ಟುಕೊಳ್ಳಿ. ಹೋಗಿಬರುವ ವಿಮಾನದ ವೆಚ್ಚವು ಸಲಕ್ಕೆ 1,500 ಡಾಲರು. ಹಲ್ಲಿಗಾಗಿಯೇ ಎರಡು ಸಲ ಬರುವುದಾದರೆ 3,600 ಡಾಲರು ಆಯಿತು; ಉಳಿತಾಯವು 1,400. ಇದರಲ್ಲಿ ರಜೆಯ ಸಂಬಳ ಹೋದವರಿಗೆ ಉಳಿಯುವುದು ಇನ್ನೂ ಕಡಿಮೆ. ಏನಾದರೂ ತೊಡಕಾಗಿ ಮೂರನೆಯ ಸಲ ಬರಬೇಕಾಯಿತೆಂದರೆ 5,100. ಅಲ್ಲಿಗೆ ಕೈಯಿಂದ 100 ಡಾಲರು ನಷ್ಟ. ಆದರೆ ತಾಯಿತಂದೆಗಳನ್ನು ನೋಡಲು ವರ್ಷವರ್ಷವೂ ಬರುವವನಿಗೆ ಟಿಕೀಟು ಹಲ್ಲಿನ ಲೆಕ್ಕಕ್ಕೆ ಸೇರದು; ಅವನಿಗೆ 4,400 ಡಾಲರು ನಿಜವಾಗಿಯೂ ಉಳಿಯುವುದು. ಬಾಯಿತುಂಬ ಕೆಲಸವಿದ್ದು ಅಲ್ಲಿ ಮೂವತ್ತು ನಲವತ್ತು ಸಾವಿರ ಡಾಲರು ಕೇಳುವ ಸಂದರ್ಭದಲ್ಲಿ, ಹಲ್ಲಿಗಾಗಿಯೇ ಮೂರು ಸಲ ಬಂದರೂ ಲಾಭವುಂಟು. ಅಂತಹವರು ಆರು ತಿಂಗಳು ಇಲ್ಲಿಯೇ ನಿಲ್ಲುವಂತಿದ್ದರೆ ಇನ್ನೂ ಉತ್ತಮ. ಹುಳುಕು ತುಂಬಿಸುವಂತಹ ಸಣ್ಣ ಕೆಲಸವನ್ನು ರಜೆಯವರೆಗೂ ತಡೆಹಿಡಿಯುವುದು ಮಾತ್ರ ಶುದ್ಧ ನಷ್ಟ. ಇಂದು 200 ಡಾಲರಿಗೆ ಮುಗಿಯುವ ಹುಳುಕು, ಊರಿನಲ್ಲಿ ಅಗ್ಗವೆಂದು ಹತ್ತು ತಿಂಗಳು ಕಾಯಿಸಿದರೆ, ನರವನ್ನು ಮುಟ್ಟಿ ರೂಟ್ ಕೆನಾಲಿಗೆ ಬರುವುದು. ಇದನ್ನು ನಾವು ಒಂದಲ್ಲ, ಐದಾರು ಮನೆಗಳಲ್ಲಿ ಕಂಡಿದ್ದೇವೆ.

ತೊಡಕಾದರೆ ಕಾನೂನಿಲ್ಲವೇ ಎಂದು ಕೇಳುವವರುಂಟು. ವೈದ್ಯರ ಸೇವೆಯೂ ಗ್ರಾಹಕರ ಕಾಯಿದೆಗೆ ಒಳಪಟ್ಟುದೆಂದು ನಮ್ಮ ಸರ್ವೋಚ್ಚ ನ್ಯಾಯಾಲಯವು 1995ರಲ್ಲಿಯೇ ತೀರ್ಪಿತ್ತಿದೆ. ಆದರೆ ಕಡಲಾಚೆಯಲ್ಲಿ ಉದ್ಯೋಗದಲ್ಲಿರುವವನು ಇಲ್ಲಿ ವ್ಯಾಜ್ಯ ಹೂಡಿ ಮುಗಿಸುವುದರೊಳಗೆ ಉಳಿದ ಹಲ್ಲುಗಳೂ ಉದುರಿಯಾವು. ಅದಕ್ಕಿಂತ ಮೊದಲೇ ವೈದ್ಯರ ಹೆಸರು ರಾಜ್ಯದ ದಂತವೈದ್ಯರ ನೋಂದಣಿಯಲ್ಲಿದೆಯೇ, ಇಂಪ್ಲಾಂಟ್ ಮಾಡುವವರಿಗೆ ಅದರಲ್ಲಿ ವಿಶೇಷ ವ್ಯಾಸಂಗವುಂಟೇ ಎಂದು ವಿಚಾರಿಸಿಕೊಳ್ಳುವುದು ಸುಲಭ. ಮಧ್ಯಸ್ಥರ ಮೂಲಕ ಗೊತ್ತುಮಾಡುವವರು, ಕೊನೆಗೆ ಕೈಹಾಕುವ ವೈದ್ಯರು ಯಾರೆಂಬುದನ್ನು ಹೆಸರು ಹಿಡಿದು ಕೇಳಿಕೊಳ್ಳಬೇಕು; ದಲ್ಲಾಳಿಯ ಕಮಿಷನ್ನು ಯಾರ ತಲೆಯ ಮೇಲೆ ಬರುವುದೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಇನ್ನು ಇಲ್ಲಿಂದ ಹೋಗುವವರ ಮಾತು. ಸೊಸೆಯ ಬಾಣಂತನಕ್ಕೆಂದೋ ಮೊಮ್ಮಗುವನ್ನು ನೋಡಲೆಂದೋ ಅಮೆರಿಕಾಕ್ಕೆ ಐದಾರು ತಿಂಗಳು ಹೋಗುವ ನಮ್ಮ ವಯಸ್ಸಿನವರು ಮಾತ್ರೆಗಳನ್ನೂ ಚಟ್ನಿಪುಡಿಯನ್ನೂ ಮರೆಯದೆ ಕಟ್ಟಿಕೊಳ್ಳುವರು. ಹಲ್ಲನ್ನು ಮಾತ್ರ ಮರೆಯುವರು. ಪ್ರವಾಸಿಗಳಿಗೆ ಮಾರುವ ಆರೋಗ್ಯವಿಮೆಯು ಹಲ್ಲಿನ ವಿಷಯದಲ್ಲಿ ಸಾಮಾನ್ಯವಾಗಿ ಹಠಾತ್ತಾದ ನೋವಿಗೆ ಇಷ್ಟೇ ಎಂದು ಒಂದು ಸಣ್ಣ ಮೊತ್ತವನ್ನು ಗೊತ್ತುಮಾಡಿರುತ್ತದೆ. ಮೊದಲೇ ಇದ್ದ ಹುಳುಕೆಂದು ಕಂಡರೆ ಅದನ್ನೂ ಕೊಡದೆ ಹೋಗಬಹುದು. ಆದುದರಿಂದ ಹೊರಡುವುದಕ್ಕೆ ಎರಡು ತಿಂಗಳು ಮೊದಲೇ ಹಲ್ಲನ್ನು ತೋರಿಸಿಕೊಳ್ಳಬೇಕು. ಹೊರಡುವ ವಾರದಲ್ಲಿ ತೋರಿಸುವುದು ತೋರಿಸದೆ ಇದ್ದಂತೆಯೇ. ಕಿತ್ತ ಗಾಯವು ಮಾಯಲು, ಹೊಸ ಸೆಟ್ಟು ಒಸಡಿಗೆ ಒತ್ತುವುದನ್ನು ಸರಿಮಾಡಿಸಿಕೊಳ್ಳಲು ದಿನಗಳು ಬೇಕು. ಮೇಲ್ದವಡೆಯ ಮೂಳೆಯನ್ನು ಎತ್ತರಿಸುವ ಶಸ್ತ್ರಚಿಕಿತ್ಸೆಯಾದವರಿಗೆ ಕೆಲವು ವಾರ ವಿಮಾನ ಹತ್ತಬೇಡಿರೆಂದು ವೈದ್ಯರು ಹೇಳುವರು. ಸಕ್ಕರೆಯ ಕಾಯಿಲೆಯಿರುವವರು, ರಕ್ತವನ್ನು ತೆಳುವಾಗಿಸುವ ಮಾತ್ರೆ ನುಂಗುವವರು, ಮೂಳೆಸವೆತಕ್ಕೆ ಔಷಧ ತೆಗೆದುಕೊಳ್ಳುವವರು ಆ ಸಂಗತಿಯನ್ನು ಕುರ್ಚಿಯಲ್ಲಿ ಕೂರುವ ಮೊದಲೇ ತಿಳಿಸತಕ್ಕದ್ದು. ನಮ್ಮ ಹೆಂಗಸರು ಇದನ್ನು ಹೇಳಲು ಸಂಕೋಚಪಡುವುದುಂಟು. ಜೊತೆಯಲ್ಲಿ ಹೋದವರು ಹೇಳಬೇಕು.

ಕೊನೆಯದಾಗಿ ಕಾಗದಪತ್ರಗಳು. ಯಾವ ದೇಶದಲ್ಲಿ ಚಿಕಿತ್ಸೆಯಾದರೂ ಮೊದಲಿನ ಮತ್ತು ಕೊನೆಯ ಎಕ್ಸ್-ರೇ ಚಿತ್ರಗಳ ಪ್ರತಿ, ಯಾವ ಹಲ್ಲಿಗೆ ಏನು ಮಾಡಿತೆಂಬ ಬರಹ, ಕ್ಯಾಪಿನ ಜೊತೆಗೆ ಬರುವ ವಾರಂಟಿ ಕಾರ್ಡು ಇವನ್ನು ಕೇಳಿ ಪಡೆಯಬೇಕು. ಇಂಪ್ಲಾಂಟ್ ಹಾಕಿಸಿಕೊಂಡವರಿಗೆ ಇನ್ನೊಂದು ಮುಖ್ಯವಾದುದುಂಟು. ತಿರುಪುಗಳಲ್ಲಿ ನೂರಾರು ಬಗೆ. ಒಂದು ಕಂಪೆನಿಯ ತಿರುಪಿಗೆ ಇನ್ನೊಂದರ ಕೀಲಿ ಹೊಂದುವುದಿಲ್ಲ. ಹತ್ತು ವರ್ಷದ ಮೇಲೆ ಟೊರಾಂಟೋದಲ್ಲಿಯೋ ಸಿಡ್ನಿಯಲ್ಲಿಯೋ ಅದು ಸಡಿಲವಾದರೆ, ಬಿಗಿಮಾಡುವ ವೈದ್ಯನಿಗೆ ಮೊದಲು ಬೇಕಾದುದು ಅದರ ಹೆಸರು, ಅಳತೆ ಮತ್ತು ತಯಾರಿಕೆಯ ಸಂಖ್ಯೆ. ತಿರುಪಿನ ಡಬ್ಬಿಯ ಮೇಲೆಯೇ ಈ ವಿವರಗಳಿರುವ ಅಂಟುಚೀಟಿಯೊಂದು ಇರುತ್ತದೆ. ಅದನ್ನು ಕಿತ್ತು ಕಾರ್ಡಿಗೆ ಹಚ್ಚಿಕೊಡುವುದು ವೈದ್ಯರಿಗೆ ಒಂದು ನಿಮಿಷದ ಕೆಲಸ. ಹೆಚ್ಚಿನವರು ಕೇಳಿದರೆ ಕೊಡುವರು, ಕೇಳದಿದ್ದರೆ ಡಬ್ಬಿಯೊಡನೆ ಕಸಕ್ಕೆ ಹಾಕುವರು. ಆ ಕಾರ್ಡನ್ನು ಪಾಸ್‌ಪೋರ್ಟಿನ ಚೀಲದಲ್ಲಿಯೇ ಇಟ್ಟುಕೊಂಡರೆ ಬೇಕಾದಾಗ ಸಿಗುವುದು.